ಪಥ್ಯವೂ ಪೋಷಣೆಯೂ: ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಆಹಾರ ವಿಚಾರ

‘ಪಥ್ಯ’ ಎಂಬ ಮಾತು ನಮ್ಮಲ್ಲಿ ಎರಡು ಅರ್ಥಗಳಲ್ಲಿ ನಡೆದುಬಂದಿದೆ. ವೈದ್ಯಶಾಸ್ತ್ರದ ಪ್ರಕಾರ ರೋಗಿಯ ದೇಹಕ್ಕೆ ಹಿತವಾದುದೆಲ್ಲವೂ ಪಥ್ಯ. ಮನೆಯ ಮಾತಿನಲ್ಲಾದರೋ ಪಥ್ಯವೆಂದರೆ ರೋಗಿಗೆ ಕೊಡಬಾರದ ಪದಾರ್ಥಗಳ ಪಟ್ಟಿ. ಮೊದಲನೆಯದು ಕೊಡುವ ಮಾತು, ಎರಡನೆಯದು ಬಿಡುವ ಮಾತು. ದೊಡ್ಡವರಿಗೆ ನಾಲ್ಕು ದಿನದ ಜ್ವರ ಬಂದಾಗ ಈ ಎರಡರ ನಡುವಣ ಅಂತರದಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಎರಡು ಮೂರು ವರ್ಷಗಳ ಕಾಲ ಚಿಕಿತ್ಸೆ ಪಡೆಯಬೇಕಾದ ರಕ್ತಕ್ಯಾನ್ಸರಿನ ಮಗುವಿನ ವಿಷಯದಲ್ಲಿ ಈ ಅಂತರವೇ ಜೀವನ್ಮರಣದ ಪ್ರಶ್ನೆಯಾಗುವುದುಂಟು. ಅಂತಹ ಮಕ್ಕಳಿಗೆ ವಿಶೇಷ ಆಹಾರಕ್ರಮಗಳಿಂದ ಏನು ಪ್ರಯೋಜನ, ಎಷ್ಟು ಪ್ರಯೋಜನ, ಯಾವುದು ಪರೀಕ್ಷೆಗೆ ನಿಂತಿದೆ, ಯಾವುದು ನಿಂತಿಲ್ಲ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಿದ್ದೇವೆ.

ನಮ್ಮ ಕಣ್ಣ ಮುಂದಿರುವುದು ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರದಂತಹ ಊರು. ಇಲ್ಲಿಯ ಮಗುವಿಗೆ ಈ ರೋಗ ಕಾಣಿಸಿಕೊಂಡರೆ ತಂದೆತಾಯಿಗಳು ಹುಬ್ಬಳ್ಳಿಗೋ, ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೋ ಹೋಗಬೇಕಾಗುತ್ತದೆ. ಔಷಧವನ್ನು ಅಲ್ಲಿಯ ವೈದ್ಯರು ಕೊಡುತ್ತಾರೆ. ಅನ್ನವನ್ನು ಮಾತ್ರ, ಚಿಕಿತ್ಸೆಯ ಬಹುಭಾಗದ ಕಾಲ, ಮನೆಯವರೇ ಕೊಡಬೇಕು. ಭಾಗ್ಯನಗರವು ಮಗ್ಗಕ್ಕೆ ಹೆಸರಾದಂತೆ ಕೂದಲಿನ ಉದ್ಯಮಕ್ಕೂ ಹೆಸರಾಗಿದೆ. ಉದುರಿದ ಕೂದಲನ್ನು ಬಿಡಿಸಿ, ಹಸನುಮಾಡಿ, ಉದ್ದಕ್ಕೆ ತಕ್ಕಂತೆ ಕಟ್ಟಿ ಹೊರದೇಶಗಳಿಗೆ ಕಳುಹಿಸುವ ಊರು ಅದು. ಕ್ಯಾನ್ಸರ್ ಔಷಧದಿಂದ ಮಗುವಿನ ತಲೆಗೂದಲು ಉದುರಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಎಲ್ಲರೂ ಮರುಗುತ್ತಾರೆ. ಆ ಕೂದಲು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ. ಆದರೆ ತೋಳಿನ ಮಾಂಸ ಕರಗುವುದು ಅಂಗಿಯ ಒಳಗೆ ನಡೆಯುವ ಕೆಲಸ. ಅದು ಬೇಗನೆ ಯಾರ ಕಣ್ಣಿಗೂ ಬೀಳದು.

ಆಹಾರಕ್ಕೂ ಮಕ್ಕಳ ರಕ್ತಕ್ಯಾನ್ಸರಿಗೂ ಇರುವ ನಂಟು ಇಂದಿನದಲ್ಲ. ಈ ರೋಗದ ಆಧುನಿಕ ಚಿಕಿತ್ಸೆ ಹುಟ್ಟಿದುದೇ ಪೋಷಣಶಾಸ್ತ್ರದ ಮಡಿಲಿನಲ್ಲಿ ಎಂದರೆ ತಪ್ಪಾಗಲಾರದು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಅಲ್ಲಿಯ ಬಟ್ಟೆಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಾಸಮಾಡಿದರು. ಹುದುಗುಬೀಜದ ಸಾರವಾದ ‘ಮಾರ್ಮೈಟ್’ ಕೊಟ್ಟರೆ ಅದು ವಾಸಿಯಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೇ ಮುಂದೆ ಫೋಲಿಕ್ ಆಮ್ಲ ಎಂಬ ಹೆಸರು ಪಡೆಯಿತು. ೧೯೪೧ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ಪಾಲಕ ಸೊಪ್ಪಿನಿಂದ ಬೇರ್ಪಡಿಸಿದರು. ಚಿಟಿಕೆಯಷ್ಟು ವಸ್ತುವಿಗಾಗಿ ಅವರು ಸೋಸಿದ ಸೊಪ್ಪು ನಾಲ್ಕು ಟನ್ನು!

ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು, ಗರ್ಭಿಣಿಯರ ರಕ್ತವನ್ನು ಸುಧಾರಿಸಿದ ವಸ್ತುವು ರಕ್ತಕ್ಯಾನ್ಸರಿನ ಮಕ್ಕಳಿಗೂ ಹಿತವಾಗಬಹುದೆಂದು ಊಹಿಸಿ ಅದನ್ನು ಪ್ರಯೋಗಿಸಿದರು. ಫಲ ವಿಪರೀತವಾಗಿ ತೋರಿತು. ರೋಗದ ಕಣಗಳು ಮೊದಲಿಗಿಂತ ವೇಗವಾಗಿ ಬೆಳೆದಂತೆ ಕಂಡವು. ಹಾಗಾದರೆ ಆ ಜೀವಸತ್ವವನ್ನು ತಡೆದರೆ ಹೇಗೆ? ಅದನ್ನು ತಡೆಯುವ ‘ಅಮಿನಾಪ್ಟೆರಿನ್’ ಎಂಬ ವಸ್ತುವನ್ನು ಸಿದ್ಧಪಡಿಸಿ ಒದಗಿಸಿದುದು ಲೆಡರ್ಲೆ ಪ್ರಯೋಗಶಾಲೆಯ ಎಲ್ಲಾಪ್ರಗಡ ಸುಬ್ಬರಾಯರ ತಂಡ. ಭೀಮವರದಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದ ಈ ಮಹನೀಯರನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕಾದಷ್ಟು ಅರಿತಿಲ್ಲವೆಂಬುದು ಖೇದದ ಸಂಗತಿ. ೧೯೪೮ರಲ್ಲಿ ಫಾರ್ಬರರು ಹದಿನಾರು ಮಕ್ಕಳಿಗೆ ಈ ಔಷಧ ಕೊಟ್ಟ ವಿವರವನ್ನು ಪ್ರಕಟಿಸಿದರು. ಹತ್ತು ಮಕ್ಕಳಲ್ಲಿ ರೋಗವು ಕೆಲವು ಕಾಲ ಹಿಂದೆಗೆದಿತ್ತು. ಅದೇ ಕುಲದ ‘ಮೆಥೊಟ್ರೆಕ್ಸೇಟ್’ ಇಂದಿಗೂ ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಔಷಧಗಳಲ್ಲೊಂದು.

ಈ ಕಥೆಯಿಂದ ಮನೆಯವರಿಗೆ ನೇರವಾಗಿ ಸಂಬಂಧಿಸಿದ ಮಾತೊಂದು ಹೊರಡುತ್ತದೆ. ‘ರಕ್ತ ಹೆಚ್ಚಲಿ’ ಎಂದು ಅಂಗಡಿಯಿಂದ ಶಕ್ತಿಯ ಗುಳಿಗೆಗಳನ್ನು ತಂದು ಕೊಡುವವರಿದ್ದಾರೆ. ಅವುಗಳಲ್ಲಿ ಫೋಲಿಕ್ ಆಮ್ಲವಿರುವುದು ಸಾಮಾನ್ಯ. ವೈದ್ಯರನ್ನು ಕೇಳದೆ ಅದನ್ನು ಕೊಡುವುದೆಂದರೆ ಔಷಧದ ಕೆಲಸಕ್ಕೆ ಎದುರುನಿಲ್ಲುವ ವಸ್ತುವನ್ನು ಕೈಯಾರೆ ಕೊಟ್ಟಂತೆ. ಹಾಗೆಂದು ಇದನ್ನು ಕೇಳಿ ಮೆಂತ್ಯೆ, ರಾಜಗಿರಿ, ಪಾಲಕಗಳನ್ನೂ ನಿಲ್ಲಿಸುವುದು ಇನ್ನೊಂದು ತಪ್ಪು. ಊಟದ ಸೊಪ್ಪಿನ ಪಲ್ಯದಿಂದ ಬರುವ ಪ್ರಮಾಣ ಬೇರೆ, ಗುಳಿಗೆಯ ಪ್ರಮಾಣ ಬೇರೆ.

ಇನ್ನು ಚಿಕಿತ್ಸೆಯಲ್ಲಿರುವ ಮಗುವಿನ ದೇಹಸ್ಥಿತಿಯನ್ನು ನೋಡೋಣ. ಮಗುವು ಬೆಳೆಯುವ ಪ್ರಾಣಿ. ಬೆಳವಣಿಗೆಗೆ ಬೇಕಾದ ಸಸಾರಜನಕ ಅದಕ್ಕೆ ಹೇಗೂ ಬೇಕು. ಅದರ ಮೇಲೆ ಔಷಧವು ಕ್ಯಾನ್ಸರ್ ಕಣಗಳೊಡನೆ ಬಾಯಿ, ಕರುಳು, ಮಜ್ಜೆಗಳ ಆರೋಗ್ಯವಂತ ಕಣಗಳನ್ನೂ ಕೊಲ್ಲುತ್ತದೆ. ಅವುಗಳನ್ನು ಮತ್ತೆ ಕಟ್ಟುವುದಕ್ಕೆ ಇನ್ನಷ್ಟು ಸಸಾರಜನಕ ಬೇಕು. ಅಗತ್ಯ ಹೆಚ್ಚಿದ ಈ ಕಾಲದಲ್ಲೇ ವಾಂತಿ, ಬಾಯಿಹುಣ್ಣು, ರುಚಿಗೇಡು, ಭೇದಿಗಳು ಬಂದು ಸೇರುವುದರಿಂದ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಜಮೆ ಇಳಿದು ಖರ್ಚು ಏರಿದಾಗ ದೇಹವು ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಳ್ಳುತ್ತದೆ.

ಇದರ ಫಲ ಬರಿಯ ಸೊರಗುವಿಕೆಯಲ್ಲ. ಆಫ್ರಿಕದ ಮಲಾವಿ ದೇಶದ ಬ್ಲಾಂಟೈರ್ ಆಸ್ಪತ್ರೆಯಲ್ಲಿ ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯಿದ್ದ ಮಕ್ಕಳನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮುಖ್ಯವಾದುದು. ಅಪೌಷ್ಟಿಕರಾದ ಆ ಮಕ್ಕಳ ದೇಹವು ‘ವಿನ್‌ಕ್ರಿಸ್ಟೀನ್’ ಔಷಧವನ್ನು ಹೊರಹಾಕುವ ವೇಗ ಕಡಿಮೆಯಾಗಿತ್ತು. ಎಂದರೆ, ಅದೇ ಪ್ರಮಾಣದ ಔಷಧ ಬಡಕಲು ದೇಹದಲ್ಲಿ ಹೆಚ್ಚು ಕಾಲ ನಿಂತು ಹೆಚ್ಚು ವಿಷವಾಗಬಹುದು. ಮಧ್ಯ ಅಮೆರಿಕದ ಹಲವು ದೇಶಗಳ ಮಕ್ಕಳನ್ನು ಕುರಿತು ೨೦೧೨ರಲ್ಲಿ ಹೊರಬಂದ ವರದಿಯಂತೂ ಅಪೌಷ್ಟಿಕ ಮಕ್ಕಳಲ್ಲಿ ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಹೋಗುವುದೂ ಹೆಚ್ಚು, ರೋಗ ಮರುಕಳಿಸುವುದೂ ಹೆಚ್ಚು ಎಂದು ತೋರಿಸಿತು. ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ ಮೂವತ್ತರಷ್ಟೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕಂದರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಊಟದ ತಟ್ಟೆಯೂ ಒಂದು.

ಅಪೌಷ್ಟಿಕತೆಯನ್ನು ಅಳೆಯುವಲ್ಲಿಯೂ ಒಂದು ಮೋಸವಿದೆ. ಹೊಟ್ಟೆಯಲ್ಲಿ ಒಂದೆರಡು ಸೇರು ತೂಕದ ಗಡ್ಡೆಯಿರುವ ಮಗುವನ್ನು ತಕ್ಕಡಿಯಲ್ಲಿಟ್ಟರೆ ತೂಕ ಸರಿಯಾಗಿಯೇ ಕಾಣುತ್ತದೆ. ಸ್ಟೀರಾಯ್ಡ್ ಔಷಧದಿಂದ ಮೈಯಲ್ಲಿ ನೀರು ತುಂಬಿದ ಮಗುವಿನ ಕಥೆಯೂ ಹಾಗೆಯೇ. ಕೆನ್ನೆ ದುಂಡಗಾಗಿರುತ್ತದೆ, ತೋಳು ಕಡ್ಡಿಯಾಗಿರುತ್ತದೆ. ಆದುದರಿಂದಲೇ ಇಂತಹ ಮಕ್ಕಳಲ್ಲಿ ರಟ್ಟೆಯ ಸುತ್ತಳತೆಯನ್ನು ಪಟ್ಟಿಯಿಂದ ಅಳೆಯುವುದು ತೂಕಕ್ಕಿಂತ ನಂಬಲರ್ಹವಾದ ಕ್ರಮವೆಂದು ಎಣಿಸಲಾಗಿದೆ. ಅಂಗನವಾಡಿಯ ಕಾರ್ಯಕರ್ತೆಯರಿಗೆ ಈ ಪಟ್ಟಿಯ ಪರಿಚಯ ಚೆನ್ನಾಗಿದೆ. ಮಗು ಊರಿಗೆ ಮರಳಿದ ಮೇಲೆ ತಿಂಗಳಿಗೊಮ್ಮೆ ಅವರಿಂದ ಅಳತೆ ಮಾಡಿಸಿಕೊಂಡು ಆಸ್ಪತ್ರೆಯ ಪುಸ್ತಕದಲ್ಲಿ ಬರೆಯಿಸಿದರೆ ವೈದ್ಯರಿಗೆ ದೊಡ್ಡ ಉಪಕಾರವಾಗುತ್ತದೆ.

ಈಗ ‘ನಂಜಿ’ನ ಮಾತಿಗೆ ಬರೋಣ. ನಮ್ಮ ನಾಡಿನಲ್ಲಿ ಗಾಯ, ಹುಣ್ಣು, ಗಡ್ಡೆಗಳಿದ್ದವರಿಗೆ ಕೆಲವು ಪದಾರ್ಥಗಳು ನಂಜು ಎಂಬ ನಂಬಿಕೆ ಬಲವಾಗಿದೆ. ಬದನೆಕಾಯಿ, ಶೇಂಗಾ, ತತ್ತಿ, ಮೀನು, ಮಾಂಸ, ಕೆಲವೆಡೆ ಮೊಸರು ಮತ್ತು ಕೆಲವು ಬೇಳೆಗಳು ಕೂಡ ಈ ಪಟ್ಟಿಯಲ್ಲಿ ಬರುತ್ತವೆ. ಮನೆಯಿಂದ ಮನೆಗೆ ಪಟ್ಟಿ ಬದಲಾಗುತ್ತದೆ. ಹಿರಿಯರೊಬ್ಬರು ನೋಡಲು ಬಂದಾಗಲೆಲ್ಲ ಅದಕ್ಕೊಂದು ಹೆಸರು ಕೂಡುತ್ತದೆ, ತೆಗೆಯುವವರು ಮಾತ್ರ ಯಾರೂ ಇಲ್ಲ. ಬದನೆಕಾಯಿಯೊಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿರುವುದೆಲ್ಲ ಸಸಾರಜನಕದ ಆಗರವೆಂಬುದನ್ನು ವಾಚಕರು ಗಮನಿಸಬೇಕು. ಇಷ್ಟನ್ನೂ ಬಿಟ್ಟ ಮೇಲೆ ಮಗುವಿನ ತಟ್ಟೆಯಲ್ಲಿ ಉಳಿಯುವುದು ಗಂಗಾವತಿಯ ಬಿಳಿಯ ಅನ್ನ, ತಿಳಿಸಾರು, ನಾಲ್ಕು ಬ್ರೆಡ್ಡಿನ ತುಂಡು, ಎಳನೀರು. ಇದನ್ನು ಉಣ್ಣಿಸುವ ತಾಯಿ ಮಗುವಿನ ಹಿತಕ್ಕಾಗಿ ತಾನೂ ನಾಲಗೆ ಕಟ್ಟಿ ಇದನ್ನೇ ಉಣ್ಣುತ್ತಿರುತ್ತಾಳೆ. ಅವಳ ನಿಷ್ಠೆಯನ್ನು ಹೀಗಳೆಯುವುದು ಸಲ್ಲದು. ಆದರೆ ಈ ಪದಾರ್ಥಗಳಿಂದ ಕ್ಯಾನ್ಸರ್ ಗಡ್ಡೆ ಬೆಳೆಯುತ್ತದೆಂಬುದಕ್ಕೆ ಯಾವ ಆಧಾರವೂ ಇಲ್ಲ; ಇವುಗಳ ಅಭಾವದಿಂದ ಮಗು ಕ್ಷೀಣಿಸುತ್ತದೆಂಬುದಕ್ಕೆ ಬೇಕಾದಷ್ಟು ಆಧಾರವಿದೆ. ಕೊಪ್ಪಳವೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾಮಕ್ಕಳಿಗೆ ೨೦೨೧ರ ಡಿಸೆಂಬರಿನಲ್ಲಿ ಬಿಸಿಯೂಟದೊಡನೆ ತತ್ತಿ ಕೊಡಲಾರಂಭಿಸಿದುದು ಇಲ್ಲಿಯ ಅಪೌಷ್ಟಿಕತೆಯನ್ನು ಕಂಡೇ. ಆರೋಗ್ಯವಂತ ಮಗುವಿಗೆ ಸರ್ಕಾರವು ಅವಶ್ಯವೆಂದು ಕೊಡುವ ವಸ್ತುವನ್ನು, ಅದಕ್ಕಿಂತ ಹೆಚ್ಚಿನ ಅಗತ್ಯವಿರುವ ರೋಗಿ ಮಗುವಿನಿಂದ ಕಸಿಯುವುದು ವಿಚಿತ್ರವಲ್ಲವೆ? ತತ್ತಿ ತಿನ್ನದ ಮನೆಗಳವರು ಅದರ ಸ್ಥಾನದಲ್ಲಿ ಹಾಲು, ಶೇಂಗಾ, ಬೇಳೆಗಳನ್ನು ಹೆಚ್ಚಿಸಬಹುದು. ಯಾವುದನ್ನೂ ಕೊಡದಿರುವುದು ಮಾತ್ರ ಮಾರ್ಗವಲ್ಲ.

ಹಳ್ಳಿಯ ನಂಜಿನಂತೆಯೇ ಪೇಟೆಯಲ್ಲೊಂದು ನಂಜು ಹುಟ್ಟಿಕೊಂಡಿದೆ, ಅದು ಸಕ್ಕರೆ. ಕ್ಯಾನ್ಸರ್ ಕಣವು ಸಕ್ಕರೆಯಿಂದ ಬದುಕುತ್ತದೆ, ಸಕ್ಕರೆ ನಿಲ್ಲಿಸಿದರೆ ಅದು ಸಾಯುತ್ತದೆ ಎಂಬ ಮಾತು ಓದುಬಲ್ಲವರ ಬಾಯಲ್ಲಿಯೂ ಇದೆ. ಇದರ ಮೂಲದಲ್ಲಿ ಒಂದು ಸತ್ಯವಿಲ್ಲದಿಲ್ಲ. ಜರ್ಮನಿಯ ಆಟೊ ವಾರ್ಬರ್ಗರು ೧೯೨೦ರ ದಶಕದಲ್ಲಿಯೇ ಕ್ಯಾನ್ಸರ್ ಕಣಗಳು ಗ್ಲೂಕೋಸನ್ನು ಅತಿಯಾಗಿ ಬಳಸುತ್ತವೆಂದು ತೋರಿಸಿದ್ದರು. ಆದರೆ ರಕ್ತದ ಗ್ಲೂಕೋಸು ಬಟ್ಟಲಿನ ಸಕ್ಕರೆಯಿಂದ ಮಾತ್ರ ಬರುವುದಲ್ಲ. ಊಟವಿಲ್ಲದಾಗ ಪಿತ್ತಜನಕಾಂಗವು ಮಾಂಸಖಂಡದ ಸಸಾರಜನಕವನ್ನು ಒಡೆದು ಗ್ಲೂಕೋಸು ತಯಾರಿಸಿಕೊಳ್ಳುತ್ತದೆ. ಹೀಗಾಗಿ ಸಿಹಿಯನ್ನು ನಿಲ್ಲಿಸಿದ ಮಾತ್ರಕ್ಕೆ ಕ್ಯಾನ್ಸರ್ ಕಣ ಉಪವಾಸ ಬೀಳುವುದಿಲ್ಲ. ಉಪವಾಸ ಬೀಳುವುದು ಮಗು.

ಪಿಷ್ಟವನ್ನು ಬಹುತೇಕ ತೆಗೆದು ಕೊಬ್ಬನ್ನೇ ಮುಖ್ಯವಾಗಿ ಕೊಡುವ ‘ಕೀಟೋಜನಿಕ್’ ಆಹಾರಕ್ರಮ ಇದಕ್ಕಿಂತ ಗಂಭೀರವಾದ ಪ್ರಯತ್ನ. ಅದು ೧೯೨೧ರಿಂದ ಮೂರ್ಛೆರೋಗದ ಮಕ್ಕಳಿಗೆ ಬಳಕೆಯಲ್ಲಿದೆ. ೧೯೯೫ರಲ್ಲಿ ಲಿಂಡಾ ನೆಬೆಲಿಂಗ್ ಮತ್ತು ಸಂಗಡಿಗರು ಮೆದುಳಿನ ಗಡ್ಡೆ ಉಲ್ಬಣಿಸಿದ್ದ ಇಬ್ಬರು ಹುಡುಗಿಯರಿಗೆ ಇದನ್ನು ಕೊಟ್ಟರು. ಗಡ್ಡೆಯ ಜಾಗದಲ್ಲಿ ಗ್ಲೂಕೋಸಿನ ಸೇವನೆ ಸರಾಸರಿ ನೂರಕ್ಕೆ ಸುಮಾರು ಇಪ್ಪತ್ತೆರಡರಷ್ಟು ಇಳಿಯಿತು. ಒಬ್ಬ ಹುಡುಗಿಯ ಸ್ಥಿತಿಯೂ ಸುಧಾರಿಸಿತು. ಎಲ್ಲೆಡೆ ಉದಾಹರಿಸಲ್ಪಡುವ ಈ ವರದಿಯಲ್ಲಿದ್ದವರು ಇಬ್ಬರೇ ಎಂಬುದನ್ನು ಉದಾಹರಿಸುವವರು ಹೇಳುವುದಿಲ್ಲ. ಆಸ್ಪತ್ರೆಯ ಕಣ್ಗಾವಲಿನಲ್ಲಿ ನಡೆಯಬೇಕಾದ ಪ್ರಯೋಗವಾಗಿಯೇ ಇದು ಇಂದಿಗೂ ಉಳಿದಿದೆ. ರೊಟ್ಟಿ ಅನ್ನಗಳನ್ನೇ ಆಧರಿಸಿದ ನಮ್ಮ ಮನೆಗಳಲ್ಲಿ ಇದನ್ನು ತಾವಾಗಿಯೇ ಮಾಡಹೊರಡುವುದು ಅಪಾಯಕರ.

ಇದಕ್ಕೊಂದು ಪ್ರತಿಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಲಾಸ್ ಏಂಜಲಿಸಿನ ಎಟಾನ್ ಆರ್ಗೆಲ್ ಮತ್ತು ಸಂಗಡಿಗರು ಹತ್ತು ವರ್ಷ ಮೀರಿದ ರಕ್ತಕ್ಯಾನ್ಸರ್ ರೋಗಿಗಳು ನಲವತ್ತು ಮಂದಿಗೆ ಚಿಕಿತ್ಸೆಯ ಮೊದಲ ತಿಂಗಳಲ್ಲಿ ಮಿತಾಹಾರವನ್ನೂ ವ್ಯಾಯಾಮವನ್ನೂ ವಿಧಿಸಿ, ಹಿಂದಿನ ರೋಗಿಗಳೊಡನೆ ಹೋಲಿಸಿ, ೨೦೨೧ರಲ್ಲಿ ಫಲವನ್ನು ಪ್ರಕಟಿಸಿದರು. ತಿಂಗಳ ಕೊನೆಯಲ್ಲಿ ಉಳಿದಿರಬಹುದಾದ ರೋಗಕಣಗಳ ಸಂಭವ ಇವರಲ್ಲಿ ಕಡಿಮೆಯಾಗಿತ್ತು. ಆದರೆ ಅಲ್ಲಿಯ ಸಮಸ್ಯೆ ಅತಿ ಕೊಬ್ಬು. ಅಲ್ಲಿ ಹಿತವಾದುದು ಬಡಕಲು ಮಗುವಿಗೂ ಹಿತವೆಂದು ತೀರ್ಮಾನಿಸಲಾಗದು. ಸ್ಥೂಲಕಾಯದ ಮಕ್ಕಳು ನಮ್ಮ ಪೇಟೆಗಳಲ್ಲಿಯೂ ಹೆಚ್ಚುತ್ತಿರುವುದರಿಂದ ಈ ಸಂಶೋಧನೆಯ ಮುಂದುವರಿಕೆಯನ್ನು ಗಮನಿಸುತ್ತಿರಬೇಕು.

ಬಿಳಿಯ ರಕ್ತಕಣಗಳು ಇಳಿದಾಗ ಸೋಂಕು ತಗಲುವ ಭಯ ಹೆಚ್ಚು. ಆ ಕಾಲದಲ್ಲಿ ಹಸಿ ತರಕಾರಿ, ಹಣ್ಣು, ಮೊಸರುಗಳನ್ನು ಸಂಪೂರ್ಣವಾಗಿ ನಿಷೇಧಿಸುವ ಆಹಾರಕ್ರಮವೊಂದು ಲೋಕದ ಆಸ್ಪತ್ರೆಗಳಲ್ಲೆಲ್ಲ ರೂಢಿಯಲ್ಲಿತ್ತು, ಅನೇಕ ಕಡೆ ಇನ್ನೂ ಇದೆ. ಇದನ್ನು ಪರೀಕ್ಷೆಗೊಡ್ಡಿದಾಗ ನಿರೀಕ್ಷಿತ ಫಲ ಕಾಣಲಿಲ್ಲ. ೨೦೦೮ರಲ್ಲಿ ಅಮೆರಿಕದಲ್ಲಿ ೧೫೩ ಮಂದಿ ವಯಸ್ಕ ರಕ್ತಕ್ಯಾನ್ಸರ್ ರೋಗಿಗಳಲ್ಲಿ ಬೇಯಿಸಿದ ಆಹಾರ ಮಾತ್ರ ಉಂಡವರಿಗೂ ಹಸಿ ಹಣ್ಣು ತರಕಾರಿ ತಿಂದವರಿಗೂ ದೊಡ್ಡ ಸೋಂಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ೨೦೧೮ರಲ್ಲಿ ಪ್ರಕಟವಾದ ೧೫೦ ಮಕ್ಕಳ ಪರೀಕ್ಷೆಯಲ್ಲಿ ನಿಷೇಧ ಪಾಲಿಸಿದವರಲ್ಲಿ ನೂರಕ್ಕೆ ಮೂವತ್ತೈದು, ಬರಿಯ ಶುಚಿತ್ವದ ನಿಯಮ ಪಾಲಿಸಿದವರಲ್ಲಿ ಮೂವತ್ತಮೂರು ಮಂದಿಗೆ ಸೋಂಕು ತಗಲಿತು. ೨೦೨೩ರ ಇಟಲಿಯ ಪರೀಕ್ಷೆಯೂ ಇದೇ ದಾರಿಯಲ್ಲಿದೆ.

ಇದರಿಂದ ಶುಚಿತ್ವ ಬೇಡವೆಂದಾಗಲಿಲ್ಲ, ಶುಚಿತ್ವವೇ ಸಾಕೆಂದಾಯಿತು. ಈ ಪರೀಕ್ಷೆಗಳು ನಡೆದ ನಗರಗಳಲ್ಲಿ ನಲ್ಲಿಯ ನೀರು ಕುಡಿಯಲು ಯೋಗ್ಯ. ನಮ್ಮಲ್ಲಿ ವಾರಕ್ಕೆರಡು ದಿನ ಬಿಡುವ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಬಳಸುವ ಓಣಿಗಳಿವೆ. ಆದುದರಿಂದ ನೀರನ್ನು ಕುದಿಸಿ ಆರಿಸಿ ಕೊಡುವುದು, ಹಾಲನ್ನು ಕಾಯಿಸುವುದು, ಬಾಳೆ, ಮೋಸಂಬಿಯಂತಹ ಸಿಪ್ಪೆ ಸುಲಿಯುವ ಹಣ್ಣುಗಳನ್ನೇ ಆರಿಸುವುದು, ರೊಟ್ಟಿಯೊಡನೆ ಕಚ್ಚುವ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯೆಸೊಪ್ಪುಗಳನ್ನು ಕಣಗಳ ಸಂಖ್ಯೆ ಏರುವ ತನಕ ಮುಂದೂಡುವುದು ವಿವೇಕ. ಬಂಡಿಯ ಮೇಲಿನ ಮಿರ್ಚಿಯಲ್ಲಿ ಭಯವಿರುವುದು ಕುದಿಯುವ ಎಣ್ಣೆಯಲ್ಲಿ ಬೆಂದ ಮಿರ್ಚಿಯಿಂದಲ್ಲ, ಜೊತೆಗೆ ಕೊಡುವ ಚಟ್ನಿಯಿಂದ.

ನಿಜವಾಗಿ ಪಾಲಿಸಬೇಕಾದ ಪಥ್ಯಗಳು ಔಷಧವನ್ನು ಅನುಸರಿಸಿ ಹುಟ್ಟುತ್ತವೆ ಮತ್ತು ಔಷಧದೊಡನೆಯೇ ಮುಗಿಯುತ್ತವೆ. ಸ್ಟೀರಾಯ್ಡ್ ನಡೆಯುವ ವಾರಗಳಲ್ಲಿ ಮಗುವಿಗೆ ಅತಿ ಹಸಿವು, ರಕ್ತದಲ್ಲಿ ಸಕ್ಕರೆಯ ಏರಿಕೆ, ಮೈಯಲ್ಲಿ ಉಪ್ಪು ನೀರು ನಿಲ್ಲುವುದು ಇರುತ್ತವೆ. ಆಗ ಹಪ್ಪಳ, ಉಪ್ಪಿನಕಾಯಿ, ಚಿಪ್ಸು, ಸಿಹಿಗಳನ್ನು ತಗ್ಗಿಸಬೇಕು. ‘ಆಸ್ಪರಾಜಿನೇಸ್’ ಎಂಬ ಕಿಣ್ವವನ್ನು ಕೊಡುವಾಗ ರಕ್ತದಲ್ಲಿ ಕೊಬ್ಬು ಏರುವುದೂ ಮೇದೋಜೀರಕ ಗ್ರಂಥಿಗೆ ಉರಿತ ಬರುವುದೂ ಉಂಟು. ವೈದ್ಯರು ಹೇಳಿದರೆ ಕರಿದುದನ್ನು ನಿಲ್ಲಿಸಬೇಕು. ಗಿನಿಯಿಲಿಯ ರಕ್ತದ್ರವವು ಇಲಿಗಳ ಗಡ್ಡೆಯನ್ನು ಕರಗಿಸಿತೆಂಬ ೧೯೫೩ರ ಆಕಸ್ಮಿಕ ಶೋಧದಿಂದ ದೊರೆತ ಔಷಧವಿದು. ರೋಗಕಣಗಳಿಗೆ ಬೇಕಾದ ಆಸ್ಪರಾಜಿನ್ ಎಂಬ ಆಮ್ಲವನ್ನು ಒಡೆದುಹಾಕುತ್ತದೆ. ಹಾಗಾದರೆ ಆ ಆಮ್ಲವಿರುವ ಆಹಾರವನ್ನೇ ಬಿಟ್ಟರಾಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪಿತ್ತಜನಕಾಂಗವು ಅದನ್ನು ತಾನೇ ತಯಾರಿಸುವುದರಿಂದ ಆ ಉಪಾಯ ಸಾಗದು.

ಹಾಲಿನ ಕಥೆ ಇನ್ನೂ ಬೋಧಪ್ರದ. ‘ಮರ್ಕ್ಯಾಪ್ಟೊಪ್ಯೂರಿನ್’ ಗುಳಿಗೆಯನ್ನು ಮಕ್ಕಳು ತಿಂಗಳುಗಟ್ಟಲೆ ಪ್ರತಿದಿನ ನುಂಗಬೇಕು. ಆ ಔಷಧವನ್ನು ಒಡೆಯುವ ಕಿಣ್ವವೊಂದು ಹಾಲಿನಲ್ಲಿರುವುದರಿಂದ ಹಾಲಿನೊಡನೆ ಬೇಡ, ಬರಿಹೊಟ್ಟೆಯಲ್ಲಿ ರಾತ್ರಿಯೇ ಕೊಡಬೇಕು ಎಂದು ಬಹುಕಾಲ ಹೇಳಲಾಗುತ್ತಿತ್ತು. ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳನ್ನು ಅನುಸರಿಸಿದ ೨೦೧೭ರ ಅಧ್ಯಯನದಲ್ಲಿ ಹಾಲಿನೊಡನೆ, ಊಟದೊಡನೆ ಕೊಟ್ಟುದಕ್ಕೂ ರೋಗ ಮರುಕಳಿಸಿದುದಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡುದು ಗುಳಿಗೆ ತಪ್ಪಿದುದಕ್ಕೆ. ನೂರು ದಿನಗಳಲ್ಲಿ ಐದಕ್ಕಿಂತ ಹೆಚ್ಚು ದಿನ ತಪ್ಪಿಸಿದ ಮಕ್ಕಳಲ್ಲಿ ರೋಗ ಮರುಕಳಿಸುವ ಸಂಭವ ಸುಮಾರು ಎರಡೂವರೆ ಪಟ್ಟು ಎಂದು ಅದೇ ಸಂಶೋಧಕರ ಬಳಗದ ಹಿಂದಿನ ಅಧ್ಯಯನ ತೋರಿಸಿತ್ತು. ನಿದ್ದೆ ಬಂದ ಮಗುವನ್ನು ಎಬ್ಬಿಸಿ ಕೊಡಲಾರದೆ ಬಿಟ್ಟ ಗುಳಿಗೆಗಿಂತ ಹಾಲಿನೊಡನೆ ನುಂಗಿದ ಗುಳಿಗೆ ಮೇಲು.

ನಮ್ಮ ಅಡಿಗೆಮನೆಯಲ್ಲಿ ಏನಿದೆ? ಜೋಳದ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು ಹತ್ತು ಗ್ರಾಂ ಸಸಾರಜನಕವಿದ್ದರೂ ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಆ ಕೊರತೆಯನ್ನು ಬೇಳೆಕಾಳು ತುಂಬುತ್ತದೆ. ರೊಟ್ಟಿಯೊಡನೆ ಮಡಿಕೆಕಾಳಿನ ಪಲ್ಯ, ಝುಣಕ ಇಡುವ ನಮ್ಮ ಹಿರಿಯರ ಊಟ ಈ ದೃಷ್ಟಿಯಿಂದ ಸಮಂಜಸವಾದುದು. ತೊಡಕು ಬರುವುದು ಬಾಯಿ ಹುಣ್ಣಾದಾಗ. ಕಟಕರೊಟ್ಟಿ ಚುಚ್ಚುತ್ತದೆ, ಕೆಂಪುಖಾರ ಉರಿಯುತ್ತದೆ. ಆಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ, ನುಚ್ಚನ್ನು ಮಜ್ಜಿಗೆ ತುಪ್ಪದೊಡನೆ ಮೆತ್ತಗೆ ಮಾಡಿ, ಹೆಸರುಬೇಳೆಯ ಹುಗ್ಗಿಯನ್ನು ಬಿಸಿಯಾರಿಸಿ, ದಿನಕ್ಕೆ ಮೂರು ಸಲದ ಬದಲು ಏಳೆಂಟು ಸಲ ಕೊಡಬೇಕು. ಗಂಜಿಗೆ ಒಂದು ದೋಷವಿದೆ: ಗಟ್ಟಿಯಾಗಿದ್ದರೆ ಮಗು ನುಂಗದು, ತೆಳುವಾಗಿದ್ದರೆ ನೀರೇ ಹೆಚ್ಚು. ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿ ಅಥವಾ ಗೋಧಿಯ ಹಿಟ್ಟನ್ನು ಒಂದು ಚಮಚ ಬೆರೆಸಿ ಕುದಿಸಿದರೆ, ಮೊಳಕೆಯ ಕಿಣ್ವವು ಪಿಷ್ಟವನ್ನು ಒಡೆದು ಗಟ್ಟಿಗಂಜಿಯೂ ಕುಡಿಯುವಷ್ಟು ತೆಳುವಾಗುತ್ತದೆ. ಒಂದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಇದಕ್ಕೆ ಜೋಳದ ಮೊಳಕೆಯನ್ನು ಬಳಸಬಾರದು. ಎಳೆಜೋಳ ಮೇಯ್ದ ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಆ ವಿಷದ ಮೂಲವಸ್ತು ಮೊಳಕೆಯಲ್ಲಿಯೂ ಇದೆ. ಬಾಯಿಂದ ಏನೂ ಹೋಗದಾದಾಗ ಮೂಗಿನ ನಳಿಕೆಯಿಂದ ಆಹಾರ ಕೊಡಲು ವೈದ್ಯರು ಸೂಚಿಸುತ್ತಾರೆ. ನಳಿಕೆ ಹಾಕಿದರೆ ಮಗು ಕೈಬಿಟ್ಟಂತೆಯೆ ಎಂದು ತಾಯಂದಿರು ಹೆದರುತ್ತಾರೆ. ಅದು ಕೈಬಿಡದಿರಲೆಂದೇ ಹಾಕುವ ನಳಿಕೆ.

ಎಲ್ಲಕ್ಕಿಂತ ನಮ್ಮ ಕೈಗೆಟಕುವ ವಸ್ತು ಶೇಂಗಾ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು ಇಪ್ಪತ್ತನಾಲ್ಕು ಗ್ರಾಂ ಸಸಾರಜನಕ, ಐದು ನೂರಕ್ಕೂ ಮೀರಿದ ಕ್ಯಾಲೊರಿ ಇವೆ. ತೀವ್ರ ಅಪೌಷ್ಟಿಕತೆಗೆ ಲೋಕದಾದ್ಯಂತ ಕೊಡುವ ಸಿದ್ಧ ಆಹಾರ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಲವಣಗಳ ಮಿಶ್ರಣ. ಮಲಾವಿಯ ವೈದ್ಯರು ಅದನ್ನು ‘ಚಿಪೊಂಡೆ’ ಎಂಬ ಹೆಸರಿನಲ್ಲಿ ಅಲ್ಲಿಯೇ ತಯಾರಿಸಿ ಕ್ಯಾನ್ಸರಿನ ಮಕ್ಕಳಿಗೂ ಕೊಟ್ಟರು. ನಮ್ಮ ಶೇಂಗಾ ಉಂಡೆ ಅದರ ಹತ್ತಿರದ ಬಂಧು. ಹುಣ್ಣಿರುವ ಬಾಯಿಗೆ ಉಂಡೆಯ ಬದಲು ನುಣ್ಣಗೆ ಅರೆದು ಹಾಲಿನಲ್ಲಿ ಕದಡಿ ಕೊಡಬಹುದು. ಶೇಂಗಾ ಒಗ್ಗದ ಮಕ್ಕಳೂ ಉಂಟು, ಅವರಿಗೆ ಕೊಡಬಾರದು.

ಶೇಂಗಾದಲ್ಲಿ ನೈಜವಾದ ನಂಜೊಂದಿದೆ, ಅದು ಹಿರಿಯರ ಪಟ್ಟಿಯಲ್ಲಿಲ್ಲ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತಾಗ, ಬ್ರೆಜಿಲಿನಿಂದ ಬಂದ ಶೇಂಗಾಹಿಂಡಿಯಲ್ಲಿ ಬೆಳೆದ ಬೂಸ್ಟೇ ಕಾರಣವೆಂದು ಗೊತ್ತಾಯಿತು. ಆ ಬೂಸ್ಟು ಸ್ರವಿಸುವ ‘ಅಫ್ಲಟಾಕ್ಸಿನ್’ ಪಿತ್ತಜನಕಾಂಗಕ್ಕೆ ಹಾನಿಕರ, ಅಲ್ಲಿ ಕ್ಯಾನ್ಸರನ್ನೂ ಉಂಟುಮಾಡುತ್ತದೆ. ಹುರಿದರೂ ಅದು ಪೂರ್ತಿಯಾಗಿ ನಾಶವಾಗದು. ಸುಗ್ಗಿಯಲ್ಲಿ ಮಳೆಗೆ ಸಿಕ್ಕಿದ ಕಾಯಿಯನ್ನು ಚೆನ್ನಾಗಿ ಒಣಗಿಸದೆ ಚೀಲದಲ್ಲಿ ತುಂಬಿ ತೇವದ ನೆಲದ ಮೇಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಕಾಯಿ ಒಡೆದು ಬೀಜ ಆರಿಸುವಾಗ ಮುರುಟಿದುವನ್ನೂ, ಬಣ್ಣಗೆಟ್ಟುವನ್ನೂ, ಕಹಿಯಾದುವನ್ನೂ ತೆಗೆದು ಎಸೆಯಬೇಕು. ದನಕ್ಕೂ ಹಾಕಬಾರದು, ಏಕೆಂದರೆ ಆ ವಿಷವು ಹಾಲಿನಲ್ಲಿ ಇಳಿದು ಮತ್ತೆ ಮಗುವಿನ ಲೋಟಕ್ಕೇ ಬರುತ್ತದೆ.